ಮೂರು ಊರಿನ ರಾತ್ರಿ ಕಟ್ಟಳೆ

ನಮ್ಮ ಊರಿನಲ್ಲಿ ಸಂಜೆ ಏಳಕ್ಕೆ ದೊಡ್ಡಿಯ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ಊರಿನ ಕಾರು, ಟೆಂಪೊ, ಸ್ಕೂಟರು, ಟ್ರ್ಯಾಕ್ಟರು ಎಲ್ಲವೂ ಒಳಗಿರಬೇಕು. ಹಿಂದೆ ತುಡುಗು ದನ ಕೂಡಿಹಾಕಲು ಕಟ್ಟಿದ ದೊಡ್ಡಿ ಅದು. ಕಲ್ಲಿನ ಗೋಡೆಯನ್ನು ಎರಡಾಳೆತ್ತರಕ್ಕೆ ಏರಿಸಿ ಈಗ ಗಾಡಿಗಳನ್ನು ಕೂಡಿಹಾಕುತ್ತಾರೆ. ಊರಿನಿಂದ ಒಂದೂವರೆ ಮೈಲಿ ದೂರ. ಗಾಡಿ ಬಿಟ್ಟ ಜನ ಚೀಲ ಹಿಡಿದು ಮಾತಾಡುತ್ತ ನಡೆದು ಬರುತ್ತಾರೆ. ಆ ದಾರಿಯುದ್ದಕ್ಕೂ ಭಜಿ ಅಂಗಡಿಗಳು, ಚಪ್ಪಲಿ ಹೊಲಿಯುವವರು, ಒಬ್ಬ ಕ್ಷೌರಿಕ. ಮದುವೆ ಮನೆಗಳಲ್ಲಿ ಎರಡನೆಯ ಪಂಕ್ತಿ ನಾಲ್ಕಕ್ಕೇ ಏಳುತ್ತದೆ. ಸಾಮಾನು ಇಳಿಸುವವರು ಮಧ್ಯಾಹ್ನವೇ ಇಳಿಸಿ ಮುಗಿಸುತ್ತಾರೆ. ಇದಕ್ಕೆ ನಾವು ಎಷ್ಟು ಹೊಂದಿಕೊಂಡಿದ್ದೇವೆ ಎಂದರೆ ಬೇರೆ ಊರಿನಿಂದ ಬಂದ ಸೊಸೆಯಂದಿರೂ ಆರು ತಿಂಗಳಲ್ಲಿ ಕೇಳುವುದನ್ನು ಬಿಡುತ್ತಾರೆ.

ನಮ್ಮ ಕಡೆಯಲ್ಲಿ ಬೀದಿಯಲ್ಲಿ ಬಿಟ್ಟ ಗಾಡಿ ರಾತ್ರಿ ಇದ್ದಲ್ಲಿ ಇರುವುದಿಲ್ಲ. ಮಾಲೀಕನ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಗೆ ಹೋಗಿ ನಿಂತಿರುತ್ತದೆ. ಗೋಡೆಯೊಳಗಿದ್ದರೆ ಸುಮ್ಮನಿರುತ್ತದೆ.

ನನ್ನ ಹೆಸರು ಅಂಬುಜಾ. ಎಂಟು ಸೀಟಿನ ಹಳೆಯ ಬಿಳಿ ವ್ಯಾನು ಓಡಿಸುತ್ತೇನೆ. ನಮ್ಮ ಊರಿನಲ್ಲಿ ಆಸ್ಪತ್ರೆ ಇಲ್ಲ, ಹೊಳೆಯಾಚೆಯ ಊರಿನಲ್ಲಿದೆ. ಬೆಳಿಗ್ಗೆ ರೋಗಿಗಳನ್ನು ಒಯ್ಯುವುದು, ಸಂಜೆಯೊಳಗೆ ಕರೆತರುವುದು ನನ್ನ ಕೆಲಸ. ಮದುವೆಯಾಗಿಲ್ಲ. ಅವ್ವ ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ. ಎದುರುಮನೆಯಲ್ಲಿ ನೇಕಾರ ಮುದುಕಪ್ಪ, ಅವನ ಹೆಂಡತಿ ನೀಲವ್ವ. ಅವರ ಮಗ್ಗದ ಸಪ್ಪಳ ಕೇಳಿಯೇ ನನಗೆ ಬೆಳಗಾಗುತ್ತಿತ್ತು.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ನೀಲವ್ವನಿಗೆ ದಿನ ತುಂಬುವ ಮೊದಲೇ ನೋವು ಬಂತು. ಬಂದದ್ದು ರಾತ್ರಿ. ಮುದುಕಪ್ಪ ನನ್ನ ಬಾಗಿಲಿಗೆ ಬಂದ. ವ್ಯಾನು ದೊಡ್ಡಿಯಲ್ಲಿತ್ತು. ಕೀಲಿಕೈ ಕಾವಲುಗಾರ ಬಡೇಸಾಬನ ಹತ್ತಿರವೂ ಇರುವುದಿಲ್ಲ. ಏಳಕ್ಕೆ ಬೀಗ ಜಡಿದು ಕೀಲಿಕೈಯನ್ನು ಪುರಸಭೆಯ ಕಬ್ಬಿಣದ ಕಪಾಟಿನಲ್ಲಿ ಇಟ್ಟು ಬರಬೇಕು. ಯಾರೂ ಅವನ ಕಾಲು ಹಿಡಿದು ಬೇಡಬಾರದೆಂದು ಹಾಗೆ ಮಾಡಿದ್ದಾರೆ. ಮುದುಕಪ್ಪ ಮತ್ತು ಅವನ ತಮ್ಮ ನೀಲವ್ವನನ್ನು ಕೈಗಾಡಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೋದರು. ಸೇತುವೆ ದಾಟುವಷ್ಟರಲ್ಲಿ ಬೆಳಕು ಹರಿದಿತ್ತು. ನೀಲವ್ವ ಉಳಿದಳು. ಗಂಡುಮಗು ಉಳಿಯಲಿಲ್ಲ.

ಈಗ ನೀಲವ್ವ ಮತ್ತೆ ಬಸುರಿಯಾದಳು. ಆರನೆಯ ತಿಂಗಳು ಹಿಡಿದಾಗ ಒಂದು ಬೆಳಿಗ್ಗೆ ಅವಳು ಸೊಂಟಕ್ಕೆ ಕೈಯಿಟ್ಟು ಅಂಗಳ ಗುಡಿಸುವುದನ್ನು ನೋಡಿದೆ. ಅವತ್ತೇ ತೀರ್ಮಾನ ಮಾಡಿದೆ. ಇವಳಿಗೆ ದಿನ ತುಂಬುವುದರೊಳಗೆ ನನ್ನ ವ್ಯಾನು ರಾತ್ರಿ ನಮ್ಮ ಬೀದಿಯಲ್ಲಿ ನಿಲ್ಲಬೇಕು.

ಪುರಸಭೆಗೆ ಅರ್ಜಿ ಕೊಟ್ಟೆ. ಅಧ್ಯಕ್ಷ ರುದ್ರಮುನಿಯವರು ಅರ್ಜಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ಮಳೆಗಾಲದಲ್ಲಿ ತಾವೇ ಗುದ್ದಲಿ ಹಿಡಿದು ಗಟಾರು ಬಿಡಿಸಿದವರು. ಗೋಡೆ ಏರಿಸುವ ಮೊದಲು ಊರಿನಲ್ಲಿ ಏನಾಗುತ್ತಿತ್ತು ಎಂದು ಅವರು ನನಗೆ ನಿಧಾನವಾಗಿ ಹೇಳಿದರು. ಬೆಳಗಾದರೆ ಯಾರ ಗಾಡಿ ಯಾರ ಬಾಗಿಲಲ್ಲಿ ಎಂದು ನೋಡುವುದೇ ಊರಿನ ಕೆಲಸವಾಗಿತ್ತಂತೆ. ಒಂದೇ ವರ್ಷದಲ್ಲಿ ಆರು ಸಂಸಾರ ಮುರಿದವಂತೆ. ಅದರ ಮೇಲೆ ಒಂದು ಪ್ರಶ್ನೆ ಕೇಳಿದರು.

"ಬೀದ್ಯಾಗ ಬಿಟ್ಟ ಗಾಡಿ ಅಲ್ಲೇ ಇರೂದಿಲ್ಲ ಅಂದ ಮ್ಯಾಲೆ, ನೀಲವ್ವಗ ನೋವು ಬಂದಾಗ ಅದು ಎಲ್ಲಿ ಹೋಗಿ ನಿಂತಿರ್ತೈತೋ ಯಾರಿಗೆ ಗೊತ್ತು, ಅಂಬುಜಕ್ಕ? ದೊಡ್ಡ್ಯಾಗ ಇದ್ರ ಎಲ್ಲೈತಿ ಅನ್ನೂದರ ಗೊತ್ತಿರ್ತೈತಿ."

ಸುತ್ತಲಿನ ಊರಿನವರು ಏನು ಮಾಡುತ್ತಾರೆ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ನೋಡಿ ಬರೆದುಕೊಂಡು ಬಾ, ಸಭೆಯ ಮುಂದೆ ಇಡೋಣ ಎಂದರು. ನನ್ನನ್ನು ಸಾಗಹಾಕಲು ಹಾಗೆ ಹೇಳಿದರೋ ಏನೋ. ನಾನು ಮಾತ್ರ ಅದನ್ನು ಆಜ್ಞೆ ಎಂದೇ ತೆಗೆದುಕೊಂಡೆ. ಇನ್ನೂರು ಪುಟದ ನೋಟುಬುಕ್ಕು ಕೊಂಡೆ.

ಮೊದಲು ಹೊಳೆಯಾಚೆಯ ಊರಿಗೆ ಹೋದೆ. ವಾರಕ್ಕೆ ಆರು ದಿನ ಹೋಗುವ ಊರು, ಆದರೆ ಕತ್ತಲಾದ ಮೇಲೆ ಅಲ್ಲಿ ಎಂದೂ ಉಳಿದಿರಲಿಲ್ಲ. ಅಲ್ಲಿ ಪ್ರತಿ ಮನೆಯ ಮುಂದೆ ಸೊಂಟದೆತ್ತರದ ಒಂದು ಕಲ್ಲುಗೂಟ. ಸಂಜೆಯಾದರೆ ಗಾಡಿಗಳನ್ನು ತೆಂಗಿನ ನಾರಿನ ಹಗ್ಗದಿಂದ ಅದಕ್ಕೆ ಕಟ್ಟುತ್ತಾರೆ. ಸರಪಳಿ ಕಟ್ಟುವಂತಿಲ್ಲ. ಕಟ್ಟಿದರೆ ಬೆಳಿಗ್ಗೆ ಬಂಪರು ಕಿತ್ತು ಬಂದಿರುತ್ತದೆ. ಕಚೇರಿಯ ಗುಮಾಸ್ತೆ ವಿಮಲಾಬಾಯಿ ಕಟ್ಟಳೆಯ ಪ್ರತಿಯನ್ನು ತಾನೇ ಕೈಯಾರೆ ಬರೆದುಕೊಟ್ಟಳು: ಹಗ್ಗ ಹೆಬ್ಬೆರಳಿನಷ್ಟು ದಪ್ಪ ಇರಬೇಕು, ಗಂಟು ಮೂರಿರಬೇಕು, ಕಟ್ಟುವವರು ಮನೆಯವರೇ ಆಗಿರಬೇಕು, ಮಂದಿಯಿಂದ ಕಟ್ಟಿಸಬಾರದು. ಆ ರಾತ್ರಿ ನಾನೂ ಒಂದು ಗೂಟಕ್ಕೆ ವ್ಯಾನು ಕಟ್ಟಿ ಧರ್ಮಶಾಲೆಯಲ್ಲಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬಂಪರು ಬಾಗಿತ್ತು. ಹಗ್ಗದ ಎಳೆಗಳು ಅರ್ಧಕ್ಕರ್ಧ ಹರಿದಿದ್ದವು. ವ್ಯಾನು ನಮ್ಮ ಊರಿನ ಕಡೆ ಮುಖ ಮಾಡಿ ಜಗ್ಗಿ ನಿಂತಿತ್ತು. ಗಂಟು ಎಷ್ಟು ಬಿಗಿದಿತ್ತೆಂದರೆ ವಿಮಲಾಬಾಯಿಯ ಗಂಡ ಕುಡುಗೋಲು ತಂದು ಕೊಯ್ಯಬೇಕಾಯಿತು.

ಆಸ್ಪತ್ರೆಯ ಗಾಡಿಯನ್ನೂ ಹೀಗೇ ಕಟ್ಟುತ್ತೀರಾ ಎಂದು ಕೇಳಿದೆ. ಹೌದು ಎಂದಳು. ಒಮ್ಮೆ ಹಾವು ಕಚ್ಚಿದವನನ್ನು ತರಲು ಹೊರಟಾಗ ಗಂಟು ಬಿಚ್ಚುವುದಕ್ಕೇ ಕಾಲು ತಾಸು ಹಿಡಿದಿತ್ತಂತೆ. ಅದನ್ನು ಹೇಳಿ ಅವಳು ಬೇರೆ ಕಡೆ ನೋಡಿದಳು. ಮುಂದೇನಾಯಿತೆಂದು ನಾನು ಕೇಳಲಿಲ್ಲ. ನೋಟುಬುಕ್ಕಿನಲ್ಲಿ "ಹಗ್ಗ ಆಗುವುದಿಲ್ಲ" ಎಂದು ಬರೆದೆ.

ಆಮೇಲಿನ ವಾರ ಗುಡ್ಡದ ಮೇಲಿನ ಊರಿಗೆ ಹೋದೆ. ಅಲ್ಲಿ ಕಟ್ಟಳೆಯೇ ಇಲ್ಲ. ಗಾಡಿಯನ್ನು ಎಲ್ಲಿ ಬೇಕಾದರೂ ಬಿಡಬಹುದು. ಬೆಳಿಗ್ಗೆ ಅದು ಎಲ್ಲಿ ನಿಂತಿದೆಯೋ ಅಲ್ಲಿಗೆ ಹೋಗಿ ತರಬೇಕು, ಅಷ್ಟೇ. ಆರು ಗಂಟೆಗೆ ಇಡೀ ಊರು ಮುಖ ತೊಳೆದು ಬೀದಿಗೆ ಬರುತ್ತದೆ. ಒಬ್ಬ ಮುದುಕ ತನ್ನ ಸ್ಕೂಟರು ತರಲು ಸಾಲೆಯ ಕಡೆ ಹೊರಟಿದ್ದ. ಒಬ್ಬ ಹೆಂಗಸು ತವರುಮನೆಯ ಕಟ್ಟೆಯಿಂದ ಟೆಂಪೊ ತಿರುಗಿಸಿಕೊಂಡು ಬರುತ್ತಿದ್ದಳು. ಗಾಡಿ ಬಂದು ನಿಂತ ಮನೆಯವರು ಮಾಲೀಕನಿಗೆ ಒಂದು ಚೊಂಬು ನೀರು ಕೊಡಬೇಕು, ಏನನ್ನೂ ಕೇಳಬಾರದು. ಇದು ಎಲ್ಲಿಯೂ ಬರೆದಿಟ್ಟದ್ದಲ್ಲ. ಆದರೆ ತಪ್ಪಿದವರನ್ನು ನಾನು ನೋಡಲಿಲ್ಲ.

ಆ ಊರಿನಲ್ಲಿ ಗುರುಸಿದ್ಧಯ್ಯ ಎಂಬ ವಯಸ್ಸಾದ ಕಂಪೌಂಡರು ಇದ್ದರು. ಹಗಲು ರಾತ್ರಿ ಎನ್ನದೆ ಯಾರು ಕರೆದರೂ ಮೋಟರ್‌ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಅವರ ಗಾಡಿ ಹನ್ನೆರಡು ವರ್ಷದಿಂದ ಬಾಗಿಲ ಮುಂದಿನಿಂದ ಒಂದು ಗೇಣೂ ಸರಿದಿಲ್ಲ ಎಂದು ಜನ ಹೇಳಿದರು. ನನಗೆ ಬೇಕಾದದ್ದು ಅದೇ. ಅವರ ಕಟ್ಟೆಯ ಮೇಲೆ ಕೂತು ನೋಟುಬುಕ್ಕು ತೆಗೆದೆ. ಮೊದಲು ತಮ್ಮ ಗಾಡಿಯೂ ಹೋಗುತ್ತಿತ್ತು ಎಂದರು. ಜಗಳವಾಡಿ ಬೇರೆಯಾದ ಅಣ್ಣನ ಮನೆಯ ಮುಂದೆ ದಿನಾ ಬೆಳಿಗ್ಗೆ ನಿಂತಿರುತ್ತಿತ್ತಂತೆ.

"ಹೆಂಗ ನಿಲ್ಲಿಸಿದ್ರಿ ಅಜ್ಜಾರ?"

"ನಾ ನಿಲ್ಲಿಸಲಿಲ್ಲವ್ವ. ಒಂದಿನ ಮಧ್ಯಾಹ್ನ ಗಾಡಿಗಿಂತ ಮೊದಲ ನಾನ ಹೋದೆ. ಹೇಳೂದಿತ್ತು, ಹೇಳಿದೆ. ಮರುದಿನದಿಂದ ಅದಕ್ಕ ಅಲ್ಲಿ ಕೆಲಸ ಇರಲಿಲ್ಲ."

ಇದನ್ನು ಕಟ್ಟಳೆಯಾಗಿ ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಆ ಪುಟವನ್ನು ಖಾಲಿ ಬಿಟ್ಟೆ. ನಿಜ ಹೇಳಬೇಕೆಂದರೆ ಅವರ ಮಾತು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಬರೆಯುವ ಮನಸ್ಸಿರಲಿಲ್ಲ.

ಸಭೆ ಕೂಡಿದಾಗ ನನ್ನ ವರದಿ ಓದಿದೆ. ಮೂರೂ ಊರಿನ ಕಟ್ಟಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ಹೇಳಿದೆ. ನಾವು ಗೋಡೆ ಹಾಕುತ್ತೇವೆ, ಅವರು ಹಗ್ಗ ಹಾಕುತ್ತಾರೆ, ಗುಡ್ಡದವರು ಬಿಟ್ಟುಬಿಡುತ್ತಾರೆ. ಗೋಡೆಯಿಂದ ಒಂದು ಮಗು ಹೋಯಿತು, ಹಗ್ಗದಿಂದ ಇನ್ನೊಂದು ಜೀವ ಹೋಗಿರಬಹುದು. ಬಿಟ್ಟವರ ಊರಿನಲ್ಲಿ ಹನ್ನೆರಡು ವರ್ಷ ನಿಂತಲ್ಲೇ ನಿಂತ ಗಾಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. ಸದಸ್ಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ರುದ್ರಮುನಿಯವರು ಕೊನೆಗೆ ಒಂದು ದಾರಿ ಹೇಳಿದರು. ಮೂರು ರಾತ್ರಿ ನಿನ್ನ ವ್ಯಾನು ಮನೆಯ ಮುಂದೆ ಬಿಡು. ನಿಂತರೆ ಕಟ್ಟಳೆ ತಿದ್ದೋಣ, ಹೋದರೆ ಮತ್ತೆ ಈ ಮಾತು ಎತ್ತಬಾರದು. ಒಪ್ಪಿದೆ. ಹಿಂದೆ ಕೂತಿದ್ದ ಒಬ್ಬರು, ಮದುವೆಯಾಗದ ಹೆಂಗಸಿನ ಗಾಡಿ, ಎಲ್ಲಿಗೆ ಹೋಗುತ್ತದೋ ನೋಡೋಣ ಎಂದು ನಕ್ಕರು. ನಾನು ಹಿಂತಿರುಗಿ ನೋಡಲಿಲ್ಲ.

ಮೊದಲನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿ ಖಾಲಿ. ಸ್ವಲ್ಪ ಹೊತ್ತಿಗೆ ಬಡೇಸಾಬ ಬಂದ. ಅಷ್ಟು ದೂರ ನಡೆದು ಬಂದರೂ ಕೂಡಲಿಲ್ಲ. ಅಂಬುಜಕ್ಕ, ಹೊಳೆದಂಡೆಗೆ ಬರ್ರಿ ಎಂದಷ್ಟೇ ಹೇಳಿದ.

ಹೊಳೆದಂಡೆಯಲ್ಲಿ, ಜಾಲಿಗಿಡಗಳ ಆಚೆ, ಹಾಲುಗೂಸುಗಳನ್ನು ಹೂಳುವ ಜಾಗ ಇದೆ. ಗುರುತಿಗೆ ಒಂದೊಂದು ಕಲ್ಲು ಇಡುತ್ತಾರೆ. ನನ್ನ ವ್ಯಾನು ಅಲ್ಲಿ, ಒಂದು ಸಣ್ಣ ಕಲ್ಲಿನಿಂದ ಮೊಳದಷ್ಟು ಈಚೆಗೆ, ನಿಂತಿತ್ತು. ಅರ್ಧ ಊರು ಆಗಲೇ ಸೇರಿತ್ತು. ಸಭೆಯಲ್ಲಿ ನಕ್ಕವರೂ ಇದ್ದರು. ಯಾರೂ ನಗಲಿಲ್ಲ. ಮುದುಕಪ್ಪನೂ ಇದ್ದ. ಅದು ಯಾರ ಕಲ್ಲು ಎಂದು ಅವನಿಗೆ ಗೊತ್ತಿತ್ತು. ನನ್ನ ಮುಖ ನೋಡಿ ತಲೆ ತಗ್ಗಿಸಿದ.

ಇಲ್ಲಿಯವರೆಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳಲೇಬೇಕು. ಆ ರಾತ್ರಿ ಮುದುಕಪ್ಪ ಬಂದಾಗ, ದೊಡ್ಡಿಗೆ ಬೀಗ ಬಿದ್ದಿದೆ, ನಾನೇನು ಮಾಡಲಿ ಎಂದು ಹೇಳಿ ಬಾಗಿಲು ಹಾಕಿಕೊಂಡಿದ್ದೆ. ಹೇಳಿದ್ದು ಸುಳ್ಳಲ್ಲ. ಆದರೆ ಅಧ್ಯಕ್ಷರ ಮನೆ ನನಗೆ ಗೊತ್ತಿತ್ತು. ಹೋಗಿ ಎಬ್ಬಿಸಬಹುದಿತ್ತು, ಕಪಾಟು ತೆಗೆಸಬಹುದಿತ್ತು. ಅದಾಗದಿದ್ದರೆ ಕೈಗಾಡಿಗೆ ಮೂರನೆಯ ಕೈ ಹಚ್ಚಬಹುದಿತ್ತು. ಚಳಿ ಇತ್ತು, ಹಿಂದಿನ ದಿನ ಎರಡು ಸಲ ಸೇತುವೆ ದಾಟಿ ದಣಿದಿದ್ದೆ. ಹೊದಿಕೆ ಎಳೆದುಕೊಂಡು ಮಲಗಿದೆ. ನಿದ್ದೆಯೂ ಬಂತು. ಎರಡು ವರ್ಷ ನಾನು ಕಟ್ಟಳೆಯನ್ನು ಬೈಯುತ್ತ ತಿರುಗಿದ್ದೆ. ಕಟ್ಟಳೆಯ ತಪ್ಪು ಇದ್ದದ್ದು ನಿಜ. ಅದರ ಹಿಂದೆ ನನ್ನದೂ ಒಂದಿತ್ತು.

ವ್ಯಾನು ತಿರುಗಿಸಿ ತಂದು ಮನೆಯ ಮುಂದೆ ನಿಲ್ಲಿಸಿದೆ. ಅಡುಗೆ ಮಾಡಲಿಲ್ಲ. ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದಾಗ, ಎದುರುಮನೆಯ ಹೊಸ್ತಿಲು ದಾಟಿದೆ. ನೀಲವ್ವ ನೆಲದ ಮೇಲೆ ಕೂತು ರಾಟೆಯ ಮೇಲೆ ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹೊಟ್ಟೆ ಅಡ್ಡ ಬರುವುದರಿಂದ ಒಂದು ಬದಿಗೆ ವಾಲಿಕೊಂಡಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಗೋಡೆಗೆ ಆತು ನಿಂತೇ ಹೇಳಿದೆ. ಹೊದಿಕೆಯ ಮಾತನ್ನೂ ಬಿಡಲಿಲ್ಲ.

ಅವಳ ಕೈಯಲ್ಲಿನ ರಾಟೆ ನಿಲ್ಲಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಆ ಕಂಡಿಕೆ ತುಂಬುವವರೆಗೆ ಸುತ್ತಿ, ಎಳೆ ಹರಿದು, ಬುಟ್ಟಿಗೆ ಹಾಕಿದಳು.

"ನನಗ ಗೊತ್ತೈತಿ ಅಕ್ಕಾ. ಪಡಸಾಲ್ಯಾಗ ಮಲಗಿದ್ದೆ. ನೀ ಬಾಗಿಲಾ ಹಾಕಿದ್ದು ಕೇಳಿಸಿತು."

"ಎರಡು ವರ್ಷದಾಗ ಒಂದಿನಾನೂ ಕೇಳಲಿಲ್ಲಲ್ಲ ನೀನು."

"ನೀ ಹೇಳಬೇಕಿತ್ತು. ನಾ ಯಾಕ ಕೇಳಲಿ?"

ಅವಳೇ ಮುಂದುವರಿಸಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಮೆತ್ತಗೂ ಇರಲಿಲ್ಲ.

"ಮರೆತೀನಿ ಅಂತ ಹೇಳಂಗಿಲ್ಲ. ಅದು ಆಗೂದಲ್ಲ. ಈಗ ನನಗ ಗಾಡಿ ಬೇಕು. ನಿನ್ನ ಗಾಡಿ ಆ ಕಲ್ಲಿನ ಹತ್ರ ಹೋಗಿ ಅತ್ತರ ನನಗೇನು ಬಂತು? ಅದು ಇಲ್ಲೇ ನಿಲ್ಲಬೇಕು. ಕೂಡು, ಆ ಲಡಿ ಹಿಡಿ."

ಕೂತೆ. ಎರಡೂ ಕೈಗೆ ನೂಲಿನ ಲಡಿ ಹಾಕಿಕೊಂಡೆ. ಸಂಜೆಯವರೆಗೂ ಅವಳು ಸುತ್ತಿದಳು, ನಾನು ಹಿಡಿದೆ. ನಡುವೆ ಒಂದು ಸಲ ಎದ್ದು ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಅದರ ಬಗ್ಗೆ ನಾವು ಮತ್ತೆ ಮಾತಾಡಲಿಲ್ಲ.

ಎರಡನೆಯ ಬೆಳಿಗ್ಗೆ ವ್ಯಾನು ಬೀದಿಯ ತುದಿಯವರೆಗೆ ಹೋಗಿ, ಹೊಳೆಯ ಕಡೆ ತಿರುಗುವ ಮೂಲೆಯಲ್ಲಿ ನಿಂತಿತ್ತು. ಮೂರನೆಯ ಬೆಳಿಗ್ಗೆ ಬಾಗಿಲ ಮುಂದೆಯೇ ಇತ್ತು.

ಸಭೆಯಲ್ಲಿ ರುದ್ರಮುನಿಯವರು ಲೆಕ್ಕ ಸರಿಯಾಗಿಯೇ ಹೇಳಿದರು. ಮೂರು ರಾತ್ರಿಯಲ್ಲಿ ಎರಡು ರಾತ್ರಿ ಗಾಡಿ ಸರಿದಿದೆ, ಮಾತಿನ ಪ್ರಕಾರ ಇದು ಇಲ್ಲಿಗೆ ಮುಗಿಯಿತು. ಇನ್ನು ಹತ್ತು ರಾತ್ರಿ ಕೊಡಿ ಎಂದು ಕೇಳಿದೆ. ಆಗುವುದಿಲ್ಲ ಎಂದರು. ಆಗ ಬಾಗಿಲಿಗೆ ನೀಲವ್ವ ಬಂದಳು. ಅವಳನ್ನು ನಾನು ಕರೆದಿರಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತು, ಉಸಿರು ಬಿಡುತ್ತ, ಸದಸ್ಯರ ಬೆಂಚಿನ ತುದಿಯಲ್ಲಿ ಕೂತಳು. ಯಾರೂ ಬೇಡ ಎನ್ನಲಿಲ್ಲ.

"ಅಧ್ಯಕ್ಷರ, ಇಕಿ ಗಾಡಿ ಎಲ್ಲಿಗೆ ಹೋಗಿತ್ತು ಅಂತ ಊರೆಲ್ಲಾ ನೋಡೈತಿ. ಇಕಿ ಮುಚ್ಚಿಡಲಿಲ್ಲ, ನನ್ನ ಮನಿಗೆ ಬಂದು ಹೇಳ್ಯಾಳ. ನಿಮ್ಮ ದೊಡ್ಡ್ಯಾಗ ಮುನ್ನೂರು ಗಾಡಿ ಅದಾವು. ಅವು ಎಲ್ಲಿ ಹೋಗ್ತಾವ ಅಂತ ನೋಡೂ ಧೈರ್ಯ ಯಾರಿಗೈತಿ? ಇಕಿಗೈತಿ. ಹತ್ತು ರಾತ್ರಿ ಕೊಡ್ರಿ. ಕೊಡೂತನಕ ನಾ ಇಲ್ಲಿಂದ ಏಳಂಗಿಲ್ಲ."

ಅವಳು ಏಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಸಭೆ ಬಿಟ್ಟಿತು, ಅವಳು ಕೂತೇ ಇದ್ದಳು. ಮುದುಕಪ್ಪ ಬುತ್ತಿ ತಂದುಕೊಟ್ಟು ಅವಳ ಪಕ್ಕದಲ್ಲೇ ಕೂತ. ಆಮೇಲೆ ಬಡೇಸಾಬ ಬಂದು, ಇಷ್ಟು ವರ್ಷ ಸರ್ಕಾರದ ಮಾತು ಮೀರದವನು, ಗೋಡೆಗೆ ಬೆನ್ನು ಹಚ್ಚಿ ಕೂತ. ನಾಲ್ಕು ಗಂಟೆಗೆ ರುದ್ರಮುನಿಯವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಹತ್ತು ರಾತ್ರಿ ಎಂದು ಬರೆಸಿದರು.

ಆ ಹತ್ತು ದಿನ ಸಂಜೆ ಬಡೇಸಾಬ ದೊಡ್ಡಿಗೆ ಬೀಗ ಹಾಕಿ ನಮ್ಮ ಬೀದಿಗೆ ಬರುತ್ತಿದ್ದ. ಸೀಮೆಸುಣ್ಣದಿಂದ ವ್ಯಾನಿನ ನಾಲ್ಕೂ ಗಾಲಿಯ ಸುತ್ತ ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ಬೆಳಿಗ್ಗೆ ಬಗ್ಗಿ ನೋಡುತ್ತಿದ್ದ. ಮೊದಲ ಎರಡು ದಿನ ಮಕ್ಕಳು ಮರಿ ಎಲ್ಲರೂ ಬಂದು ನೋಡಿದರು, ಆಮೇಲೆ ಅವರಿಗೂ ಬೇಸರವಾಯಿತು. ಹತ್ತನೆಯ ದಿನ ಬಡೇಸಾಬ ಒಬ್ಬನೇ ಬಂದ. ಗೆರೆ ಅಳಿಸದೆ ಹಾಗೇ ಬಿಟ್ಟು, ಒಂದು ಕಪ್ ಚಹಾ ಕುಡಿದು, ಪುರಸಭೆಗೆ ಹೋಗಿ ಸಹಿ ಹಾಕಿ ಬಂದ.

ಕಟ್ಟಳೆಗೆ ಒಂದೇ ಸಾಲು ಸೇರಿತು. ರೋಗಿಗಳನ್ನು ಒಯ್ಯುವ ಗಾಡಿ, ಹತ್ತು ರಾತ್ರಿ ಇದ್ದಲ್ಲೇ ಇದ್ದು ತೋರಿಸಿದರೆ, ಬೀದಿಯಲ್ಲಿ ನಿಲ್ಲಬಹುದು. ಕೆಳಗೆ ರುದ್ರಮುನಿಯವರ ಸಹಿ. ಅವರ ಜೀಪು ಇವತ್ತಿಗೂ ಏಳರೊಳಗೆ ದೊಡ್ಡಿ ಸೇರುತ್ತದೆ. ಅದರ ಬಗ್ಗೆ ನಾನು ಎಂದೂ ಮಾತಾಡಿಲ್ಲ, ಮಾತಾಡುವವರ ಜೊತೆ ಕೂಡುವುದೂ ಇಲ್ಲ.

ನೀಲವ್ವನಿಗೆ ನೋವು ಬಂದದ್ದು ಹಾಡಹಗಲು, ಬೆಳಿಗ್ಗೆ ಹನ್ನೊಂದಕ್ಕೆ. ಅಷ್ಟೆಲ್ಲ ಹೋರಾಡಿದ ಮೇಲೆ ಅವಳಿಗೆ ರಾತ್ರಿಯ ಗಾಡಿ ಬೇಕಾಗಲೇ ಇಲ್ಲ. ವ್ಯಾನಿನಲ್ಲಿ ಹಿಂದೆ ಮಲಗಿ, ಹಲ್ಲು ಕಚ್ಚಿಕೊಂಡೇ, ಇದನ್ನು ನನಗೆ ಹೇಳಿ ಅವಳು ನಕ್ಕಳು. ಸೇತುವೆಯ ಮೇಲೆ ಕುರಿಹಿಂಡು ಅಡ್ಡ ಬಂತು. ಮುದುಕಪ್ಪ ಇಳಿದು ಎರಡೂ ಕೈ ಬೀಸಿ ಹಾದಿ ಬಿಡಿಸಿದ. ಒಂದು ಗಂಟೆಗೆ ಹೆಣ್ಣುಮಗು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ನರ್ಸು ತಂದು ತೋರಿಸಿದಾಗ ಎತ್ತಿಕೊಳ್ಳಲು ಹೆದರಿಕೆಯಾಯಿತು. ನೀಲವ್ವ ಒಳಗಿನಿಂದಲೇ, ಅಕ್ಕನ ಕೈಯಾಗ ಕೊಡ್ರಿ ಎಂದಳು.

ಅದಾಗಿ ಇಪ್ಪತ್ತು ದಿನಕ್ಕೆ, ಒಂದು ರಾತ್ರಿ, ಯಾರೋ ಬಾಗಿಲು ಬಡಿದರು. ಕೆಳಗಿನ ಓಣಿಯ ಬಳೆಗಾರ್ತಿ ಹುಸೇನಬಿ. ಗಂಡನಿಗೆ ಚೇಳು ಕಡಿದಿತ್ತು, ಮೈ ತಣ್ಣಗಾಗುತ್ತಿತ್ತು. ಇಷ್ಟು ಹೊತ್ತಿನಲ್ಲಿ ಎಬ್ಬಿಸಿದ್ದಕ್ಕೆ ತಪ್ಪು ತಿಳಿಯಬೇಡಿ ಎಂದು ಅವಳು ಹೊರಗಿನಿಂದ ಹೇಳುತ್ತಲೇ ಇದ್ದಳು. ಅವಳು ಎರಡನೆಯ ಸಲ ಬಡಿಯುವ ಮೊದಲೇ ನಾನು ಚಿಲಕ ತೆಗೆದಿದ್ದೆ.